ತಾಂಡೇಲರ ಎರಡು ಉತ್ತರ

"ಅಜ್ಜನನ್ನು ನೀವು ಎಷ್ಟು ಸಲ ಕೇಳಿದ್ದು?"

ಅಝರ್ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಒಂದೇ ಸಲ ಮೇಡಂ. ಒಬ್ಬ ಮತದಾರನಿಗೆ ಒಂದೇ ಸಲ. ಅದು ನಮ್ಮ ರೂಲು."

"ಟಿವಿ ಆಫ್ ಮಾಡಿ."

"ಎಣಿಕೆ ಆಗ್ತಾ ಉಂಟಲ್ಲ."

"ಓಟು ಹಾಕುವ ಮೊದಲೇ ಎಣಿಸಿ ಮುಗಿಸಿದವರು ನೀವು. ಇನ್ನು ಎಂತ ನೋಡ್ಲಿಕ್ಕುಂಟು?"

ಅವನು ರಿಮೋಟ್ ಎತ್ತಿ ಸದ್ದು ಮಾತ್ರ ಕಡಿಮೆ ಮಾಡಿದ. ಪರದೆಯ ಕೆಳಗೆ ಉಪಚುನಾವಣೆಯ ಅಂಕಿಗಳು ಓಡುತ್ತಲೇ ಇದ್ದವು. ಒಂದು ಕಡೆ ಕೊಡೆಯ ಗುರುತು, ಇನ್ನೊಂದು ಕಡೆ ಕಹಳೆ. ಬಂದರಿನ ಬೂತುಗಳ ಎಣಿಕೆ ಇನ್ನೂ ಶುರುವಾಗಿರಲಿಲ್ಲ.

ಪಂಪ್‌ವೆಲ್ಲಿನ ಆ ಕಟ್ಟಡದಲ್ಲಿ ಅಝರನ ಆಫೀಸು ಫ್ಲೈಓವರಿನ ಎತ್ತರಕ್ಕೇ ಇತ್ತು. ಗಾಜಿನಾಚೆ ಲಾರಿಗಳು ಎದುರಿಗೇ ಹಾದುಹೋಗುತ್ತಿದ್ದವು. ಕೆಳಗಿನಿಂದ "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಎಂದು ಕಂಡಕ್ಟರುಗಳ ಕೂಗು. ಗೋಡೆಯ ಮೇಲೆ 'ಜನಮಾಪನ' ಎಂದು ಅವನ ಸಮೀಕ್ಷೆಯ ಕಂಪೆನಿಯ ಹೆಸರು, ಹಿತ್ತಾಳೆಯ ಅಕ್ಷರದಲ್ಲಿ. ಅದರ ಕೆಳಗೆ, ದುಬೈಯಲ್ಲಿ ಜನ ಯಾವ ಶ್ಯಾಂಪೂ ಕೊಳ್ಳುತ್ತಾರೆಂದು ಅಳೆದದ್ದಕ್ಕೆ ಅಝರನಿಗೆ ಸಿಕ್ಕ ಪ್ರಶಸ್ತಿಪತ್ರ.

ಸಾಜಿದಾ ಅದನ್ನು ಓದಿದಳು. ಸಿಟ್ಟು ಬಂದಾಗ ಎದುರಿಗಿದ್ದದ್ದನ್ನೆಲ್ಲ ಓದುವುದು ಅವಳ ಹಳೆಯ ಅಭ್ಯಾಸ. ಸಂಜೆ ಪತ್ರಿಕೆಯೊಂದರಲ್ಲಿ ಅಪರಾಧ ಮತ್ತು ಕೋರ್ಟಿನ ಸುದ್ದಿ ಬರೆಯುತ್ತಿದ್ದ ಕಾಲದಲ್ಲಿ ಹತ್ತಿದ್ದು. ಪತ್ರಿಕೆ ಮುಚ್ಚಿತು. ಈಗ ಬರೆಯುವುದಿಲ್ಲ, ಬೇರೆಯವರಿಗಾಗಿ ಸತ್ಯ ಹುಡುಕುತ್ತಾಳೆ. ಸಿಟ್ಟು ಮಾತ್ರ ಹಾಗೇ ಉಳಿದಿದೆ.

ಇವತ್ತಿನ ಸಿಟ್ಟಿಗೆ ಕಾರಣವಿತ್ತು. ಬಂದರಿನಲ್ಲಿ ಮೀನಿನ ಬೋಟುಗಳು ನಿಲ್ಲುವ ದಕ್ಕೆಯ ಮುದಿ ತಾಂಡೇಲ ತುಕ್ರ, ಒಂದು ಕಾಲದಲ್ಲಿ ಬೋಟು ನಡೆಸಿದವನು, ಮತದಾನಕ್ಕೆ ಮುಂಚೆ ಹಳೆಯ ಗೋದಾಮುಗಳ ಹಿಂದೆ ಪೆಟ್ಟು ತಿಂದು ಬಿದ್ದವನು ಇನ್ನೂ ಕಣ್ಣು ತೆರೆದಿಲ್ಲ. ಅವನು ಸಮೀಕ್ಷೆಗೆ ಕೊಟ್ಟ ಉತ್ತರದ ಧ್ವನಿ ಬೋಟಿನವರ ವಾಟ್ಸಾಪಿನಲ್ಲಿ ಹರಿದಾಡಿತ್ತು. ಆ ಧ್ವನಿ ಹಂಚಿದವಳೆಂದು ಪೊಲೀಸರು ಹಿಡಿದಿಟ್ಟಿರುವುದು ಸಮೀಕ್ಷೆಗೆ ಮನೆಮನೆ ತಿರುಗಿದ ಹರ್ಷಿತಾಳನ್ನು. ತುಕ್ರನ ಪಕ್ಕದ ಮನೆಯ ಹುಡುಗಿ. ನಡೆಯಲು ಕಲಿತದ್ದೇ ಅವನ ಜಗಲಿಯಲ್ಲಿ. ಸಾಜಿದಾಳಿಗೆ ಈ ಕೆಲಸ ಒಪ್ಪಿಸಿದ್ದು ಅವಳ ತಾಯಿ.

ಊಟದ ನಂತರ ಹರ್ಷಿತಾಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ.

ಸಾಜಿದಾಳ ಫೋನು ಕಂಪಿಸಿತು. ವಕೀಲ ಧನರಾಜ್. ಹರ್ಷಿತಾಳ ಪರ ನಿಂತವರು. ಅವಳ ಕುಲದವರೇ, ದಕ್ಕೆಯ ಮಣ್ಣಿನಲ್ಲೇ ಆಡಿ ಬೆಳೆದವರು. ಫೀಸು ಬೇಡ ಎಂದವರು.

"ಎಂತ ಸಾಜಿದಾ, ಎಲ್ಲಿದ್ದೀರಿ?"

"ಕೆಲಸದ ಮೇಲೆ." ಎಲ್ಲಿದ್ದೇನೆಂದು ವಕೀಲರಿಗೂ ಪೊಲೀಸರಿಗೂ ಹೇಳದಿರುವುದು ಕೂಡ ಪತ್ರಿಕೆ ಕಲಿಸಿದ ಅಭ್ಯಾಸ.

"ಬಿಸಿಲಿಗೆ ಸುತ್ಬೇಡಿ ಮಾರಾಯ್ರೆ. ನಾನು ದಾರಿ ನೋಡಿದ್ದೇನೆ. ಕೈತಪ್ಪಿ ಕಳ್ಸಿದೆ ಅಂತ ಹುಡುಗಿ ಒಂದು ಹೇಳಿಕೆ ಕೊಟ್ರೆ ಆಯ್ತು. ಸಂಜೆಗೆ ಮನೆ." ಧನರಾಜ್ ನಕ್ಕರು. ಮೂಗಿನಲ್ಲಿ ಎರಡು ಬಾರಿ ಉಸಿರು ಬಿಟ್ಟ ಹಾಗೆ, ಪ್ರತಿ ಮಾತಿನ ತುದಿಗೂ ಬರುವ ನಗು. ಇಡೀ ಕೋರ್ಟಿಗೆ ಆ ನಗು ಗೊತ್ತು.

"ಕಳಿಸಿದ್ದು ಅವಳಲ್ಲ."

"ಕಳಿಸದಿದ್ರೂ ಸರಿ. ಒಪ್ಪಿದ್ರೆ ಬೇಗ ಮುಗೀತದೆ."

"ಮಾಡದ್ದನ್ನು ಒಪ್ಪಿದರೆ ಯಾವುದೂ ಮುಗಿಯುವುದಿಲ್ಲ ವಕೀಲರೇ. ನಾನು ಬರುವ ತನಕ ಸಹಿ ಹಾಕಿಸ್ಬೇಡಿ."

ಫೋನು ಇಟ್ಟು, ಅದರಲ್ಲೇ ಇದ್ದ ಧ್ವನಿಯ ತುಣುಕನ್ನು ಒತ್ತಿದಳು. ತುಕ್ರನ ಕಂಚಿನಂಥ ಗಂಟಲು:

"ಈ ಸಲ ಕಹಳೆಗೇ ಹಾಕುದು. ಕೊಡೆಯವರದ್ದು ಸಾಕಾಯ್ತು. ಬರ್ಕೊಳ್ಳಿ."

ಅಷ್ಟೇ. ತುಕ್ರ ನಡೆಸಿದ್ದ ಬೋಟಿನ ಧಣಿ ಕೊಡೆಯ ಪಕ್ಷದ ದೊಡ್ಡ ಕೈ. ಬೋಟಿನವರೆಲ್ಲ ಕೊಡೆಯವರು. ಈ ಮೂರು ವಾಕ್ಯಕ್ಕೆ ಒಬ್ಬ ಮುದುಕನ ತಲೆ ಒಡೆದಿತ್ತು.

"ಹಿಂದಿನ ಸದ್ದು ಕೇಳಿ," ಎಂದಳು ಸಾಜಿದಾ. ಇನ್ನೊಮ್ಮೆ ಒತ್ತಿದಳು. "ಗರಗರ ಅಂತದಲ್ಲ, ಅದೆಂತ?"

"ಯಾವುದೋ ಮೆಷಿನ್."

"ಮಂಜುಗಡ್ಡೆ ಪುಡಿ ಮಾಡುವ ಮೆಷಿನ್. ನೀವು ಬಂದರಿನಲ್ಲೇ ಹುಟ್ಟಿದವರು, ನಾನು ಹೇಳ್ಬೇಕಾ? ಅದಿರುವುದು ದಕ್ಕೆಯಲ್ಲಿ. ಹರ್ಷಿತಾ ತುಕ್ರಜ್ಜನನ್ನು ಕೇಳಿದ್ದು ಅವರ ಜಗಲಿಯಲ್ಲಿ. ಅವಳ ಅಮ್ಮ ಕುಮುದಿನಿ ಪಕ್ಕದಲ್ಲೇ ಇದ್ದರು. ಅಲ್ಲಿಗೆ ಈ ಸದ್ದು ಬರುವುದಿಲ್ಲ, ನಾನು ಬೆಳಿಗ್ಗೆ ಹೋಗಿ ನಿಂತು ನೋಡಿದ್ದೇನೆ. ಹಾಗಾದರೆ ಅಜ್ಜನನ್ನು ಇನ್ನೊಮ್ಮೆ ಕೇಳಿದ್ದಾರೆ. ಯಾರು?"

ಅಝರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಮೂವತ್ತು ದಾಟಿದ ಚುರುಕು ಮನುಷ್ಯ. ಹೆದರಿದರೂ ಲೆಕ್ಕ ತಪ್ಪುವವನಲ್ಲ.

"ಸಂಜೆ ದಕ್ಕೆಯಲ್ಲಿ ಸಿಕ್ಕಿದಾಗ ಅವಳೇ ಕೇಳಿರ್ಬಹುದು."

"ಕನ್ನಡದಲ್ಲಾ? ತೊಟ್ಟಿಲಲ್ಲಿ ನೋಡಿದ ಹುಡುಗಿ ಎದುರು ಅಜ್ಜ ತುಳು ಬಿಟ್ಟು ಕನ್ನಡ ಮಾತಾಡಿದ್ರಾ?"

ಅವಳು ಬೆಳಿಗ್ಗೆಯಿಂದ ನೆಚ್ಚಿಕೊಂಡಿದ್ದದ್ದು ಈ ಮಾತನ್ನು. ಅಝರನ ಮುಖದಲ್ಲಿ ಮೊದಲ ಬಾರಿ ನಗು ಬಂತು.

"ಅಲ್ಲೇ ನೀವು ತಪ್ಪಿದ್ದು ಮೇಡಂ. ನಮ್ಮಲ್ಲಿ ರೆಕಾರ್ಡಿಂಗ್ ಎಲ್ಲ ಕನ್ನಡದಲ್ಲೇ ಆಗ್ಬೇಕು. ಕೇಳುವವರು ಬೆಂಗಳೂರಿನಲ್ಲಿ ಕೂತಿರ್ತಾರೆ. ತುಳು, ಬ್ಯಾರಿ, ಕೊಂಕಣಿ ಅವರಿಗೆ ಎಂತ ಗೊತ್ತುಂಟು? ಹರ್ಷಿತಾಳೂ ಕನ್ನಡದಲ್ಲೇ ಕೇಳ್ಬೇಕು, ಅಜ್ಜನೂ ಕನ್ನಡದಲ್ಲೇ ಹೇಳ್ಬೇಕು. ಅದರ ಮೇಲೆ, ಫೈಲು ಬಂದದ್ದು ಅವಳ ಐಡಿಯಿಂದ. ಪೊಲೀಸರಿಗೂ ಅದನ್ನೇ ಕೊಟ್ಟದ್ದು."

ಸಾಜಿದಾ ಕಟ್ಟಿದ್ದ ವಾದ ಅರ್ಧ ಕುಸಿದಿತ್ತು. ಕುಸಿದ ಜಾಗವನ್ನೇ ನೋಡುತ್ತ ನಿಂತಳು.

ಟಿವಿಯಲ್ಲಿ ಅಕ್ಷರ ಮಿನುಗಿತು: ಬಂದರಿನ ಬೂತುಗಳು, ಮೊದಲ ಸುತ್ತು, ಕೊಡೆಗೆ ಮುನ್ನಡೆ.

ಅಝರನ ನಗು ಆರಿತು.

"ಬಂದರು ಕಹಳೆಯ ಪಾಲು ಅಂತ ಹೇಳಿದ್ದು ನೀವಲ್ವಾ?" ಎಂದಳು ಸಾಜಿದಾ.

"ಅದು ಚಾನೆಲಿನವರ ಹೆಡ್ಡಿಂಗ್. ಸಮೀಕ್ಷೆ ಅಂದರೆ ಕಣಿ ಹೇಳುವುದಲ್ಲ. ಅಂದಾಜು. ಶೇಕಡ ಮೂರು ಆಚೀಚೆ ಆಗ್ತದೆ ಅಂತ ಕೆಳಗೆ ಬರೆದಿದ್ದೆ."

"ಎಷ್ಟು ಸಣ್ಣ ಅಕ್ಷರದಲ್ಲಿ?"

"ನೀವು ಪತ್ರಿಕೆಯವರು ಯಾವಾಗಲೂ ಹೀಗೆ. ಸರಿಯಾದಾಗ ಯಾರೂ ಫೋನು ಮಾಡುವುದಿಲ್ಲ. ಹಿಂದಿನ ನಾಲ್ಕು ಚುನಾವಣೆಯಲ್ಲಿ ಮೂರು ಸರಿ ಹೇಳಿದ್ದೇನೆ."

"ಆ ಮೂರರಲ್ಲಿ ಅಂತರ ಎಷ್ಟಿತ್ತು? ಆ ಮೂರನ್ನು ನನ್ನ ಬೀದಿಯ ಚಹಾದ ಹೋಟೆಲಿನವರೂ ಸರಿ ಹೇಳಿದ್ದರು. ತಪ್ಪಿದ ಒಂದು?"

"ಅದು ತುಂಬ ಟೈಟ್ ಇತ್ತು."

"ಟೈಟ್ ಇದ್ದಾಗಲ್ವಾ ನೀವು ಬೇಕಾಗುವುದು?"

ಅಝರ್ ಎದ್ದ. ಅವನಿಗೆ ಕೆಲಸದ ಬಗ್ಗೆ ನಿಜವಾದ ಹೆಮ್ಮೆ ಇತ್ತು. ಮುಟ್ಟಬಾರದ ಕಡೆ ಮುಟ್ಟಿದ ಹಾಗಾಯಿತು. "ಕೇಳಿ ಇಲ್ಲಿ. ಬುಟ್ಟಿಯಲ್ಲಿ ನೂರು ಬಂಗುಡೆ ಉಂಟು. ತಾಜಾವಾ ಅಂತ ನೋಡ್ಲಿಕ್ಕೆ ನೂರರದ್ದೂ ಕಿವಿರು ಎತ್ತುತ್ತೀರಾ? ಮೇಲಿಂದ ಒಂದು, ನಡುವಿಂದ ಒಂದು, ಅಡಿಯಿಂದ ಎರಡು. ಸಾಕು. ಎಲ್ಲ ಕಡೆಯಿಂದ ಎತ್ತಿದ್ರೆ ಸ್ವಲ್ಪದರಿಂದಲೇ ಎಲ್ಲ ಗೊತ್ತಾಗ್ತದೆ. ಇದು ಗಣಿತ. ಸುಳ್ಳಲ್ಲ."

"ಗಣಿತ ಸುಳ್ಳಲ್ಲ. ಒಪ್ಪಿದೆ. ಆದರೆ ಮೀನು ಸುಳ್ಳು ಹೇಳುವುದಿಲ್ಲ ಅಝರ್. ಕಿವಿರು ಎತ್ತುವವನ ಮುಖ ನೋಡಿ ಕೆಂಪಾಗುವುದೂ ಇಲ್ಲ."

ಅವನು ಮತ್ತೆ ಕುರ್ಚಿಗೆ ಕುಳಿತ.

ಅಷ್ಟರಲ್ಲಿ ಸಾಜಿದಾಳಿಗೆ ಅವನ ಹಿಂದಿನ ಮಾತು ಮತ್ತೆ ಕೇಳಿಸಿತು. ಬೆಂಗಳೂರಿನವರಿಗೆ ತುಳು ಗೊತ್ತಿಲ್ಲ.

"ತುಳುವಿನಲ್ಲಿ ಬಂದ ರೆಕಾರ್ಡಿಂಗ್ ಏನಾಗ್ತದೆ?"

"ಎಂತ?"

"ಹರ್ಷಿತಾ ರೂಲು ಮುರಿದಿದ್ದರೆ? ಕನ್ನಡದಲ್ಲಿ ಕೇಳಿದಾಗ ಜನ 'ನೋಡುವ ಮೇಡಂ' ಅಂತ ಜಾರಿಕೊಂಡಿರ್ತಾರೆ. ಹುಡುಗಿ ತುಳುವಿಗೆ ಇಳಿದಿರ್ತಾಳೆ. ನಾನಾದರೂ ಹಾಗೇ ಮಾಡ್ತಿದ್ದೆ. ಅಂಥ ಫೈಲು ಬಂದರೆ ನೀವು ಎಂತ ಮಾಡುವುದು?"

ಅಝರ್ ಕಿಟಕಿಯ ಕಡೆ ತಿರುಗಿದ. ಫ್ಲೈಓವರಿನಲ್ಲಿ ಕೊಡೆಯ ಬಾವುಟ ಕಟ್ಟಿದ ಬೈಕುಗಳು ಕೂಗುತ್ತ ಹೋದವು.

"ರಿಜೆಕ್ಟ್ ಆಗ್ತದೆ," ಎಂದ ಮೆಲ್ಲಗೆ.

"ಆಮೇಲೆ?"

"ರೀಡೂ. ಬೇರೆಯವರು ಹೋಗಿ ಕನ್ನಡದಲ್ಲಿ ಪುನಃ ಕೇಳ್ತಾರೆ."

"ಆ ಫೈಲು ಯಾರ ಐಡಿಗೆ ಸೇರುವುದು?"

ಅಝರ್ ಬೈಕುಗಳು ಹೋದ ದಾರಿಯನ್ನೇ ನೋಡುತ್ತಿದ್ದ.

"ಯಾರ ಐಡಿಗೆ ಅಝರ್?"

"ಮೊದಲು ಹೋದವರದ್ದಕ್ಕೆ. ಆ ಮನೆ ಅವರ ಪಾಲಿನದ್ದಲ್ವಾ, ಸಿಸ್ಟಮ್ ಹಾಗೇ ತಗೊಳ್ಳುವುದು. ನಾನು ಮಾಡಿದ್ದಲ್ಲ ಅದು."

ಸಾಜಿದಾ ಮೇಜಿನ ಮೇಲೆ ಕೈಯೂರಿದಳು. ದನಿ ಏರಲಿಲ್ಲ. ಏರದಿದ್ದದ್ದೇ ಕೆಟ್ಟದ್ದಾಗಿ ಕೇಳಿಸಿತು.

"ಹಾಗಾದರೆ ಬಂದರಿನ ಜನ ಮನೆಯ ಮಾತಿನಲ್ಲಿ ಹೇಳಿದ್ದನ್ನು ಕಸದ ಬುಟ್ಟಿಗೆ ಹಾಕಿದಿರಿ. ಗುರುತಿಲ್ಲದವರ ಎದುರು ಸಭೆಯ ಮಾತಿನಲ್ಲಿ ಹೇಳಿದ್ದನ್ನು ಟಿವಿಗೆ ಕೊಟ್ಟಿರಿ. ಅದು ತಪ್ಪಿತು ಅಂತ ಈಗ ಗಣಿತ ಹೇಳ್ತಾ ಇದ್ದೀರಿ. ಅದು ಹಾಳಾಗಿ ಹೋಗ್ಲಿ. ಅಜ್ಜನನ್ನು ಎರಡನೇ ಸಲ ಕೇಳಿದವರು ಬೇರೆ ಅಂತ ಗೊತ್ತಿದ್ದೂ ಹರ್ಷಿತಾಳ ಐಡಿ ತೋರಿಸಿ ಪೊಲೀಸರಿಗೆ ಫೈಲು ಕೊಟ್ಟಿರಿ. ಒಂದು ಹುಡುಗಿಯನ್ನು ಲಾಕಪ್ಪಿಗೆ ಕಳಿಸಿ ಇಲ್ಲಿ ಏಸಿಯಲ್ಲಿ ಕೂತಿದ್ದೀರಿ."

"ಪೊಲೀಸರು ಐಡಿ ಕೇಳಿದ್ರು. ನಾನು ಐಡಿ ಕೊಟ್ಟೆ."

"ಹೌದು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿರಿ. ರೀಡೂ ಮಾಡಿದ್ದು ಯಾರು?"

"ಮನ್ವಿತಾ ಅಂತ. ವಾಮಂಜೂರಿನ ಕಡೆಯ ಹುಡುಗಿ, ಕಾಲೇಜಿಗೆ ಹೋಗ್ತಾಳೆ. ಪಾಪದವಳು. ಅವಳನ್ನು ಎಳೀಬೇಡಿ ಮೇಡಂ. ಅವಳು ಹಂಚಿದ್ದಲ್ಲ."

"ಅವಳಿಗೆ ಬಂದರಿನಲ್ಲಿ ಯಾರಾದರೂ ಗುರುತುಂಟಾ?"

"ಯಾರೂ ಇಲ್ಲ. ಅದಕ್ಕೇ ಮೊದಲ ದಿನ ಯಾರೂ ಬಾಗಿಲು ತೆಗೀಲಿಲ್ಲ..."

ಅಲ್ಲಿಗೆ ನಿಲ್ಲಿಸಿದ. ತಡವಾಗಿ ನಿಲ್ಲಿಸಿದ ಎಂದು ಇಬ್ಬರಿಗೂ ಗೊತ್ತಾಯಿತು.

ಸಾಜಿದಾ ಅವನ ಮೇಲಿಂದ ಕಣ್ಣು ತೆಗೆಯದೆ ಕುಮುದಿನಿಗೆ ಫೋನು ಹಚ್ಚಿದಳು. ಮೀನು ಮಾರ್ಕೆಟ್ಟಿನ ಗದ್ದಲ ಕಿವಿಗೆ ನುಗ್ಗಿತು. ಮಗಳು ಠಾಣೆಯಲ್ಲಿದ್ದರೂ ಬುಟ್ಟಿಯ ಮೀನು ಕಾಯುವುದಿಲ್ಲ. ತಾಯಿ ಮಾರಲು ಕುಳಿತಿದ್ದಳು.

"ಎಂತ ಮೇಡಂ, ಬಿಟ್ರಾ ಅವಳನ್ನು?"

"ಇನ್ನೂ ಇಲ್ಲ ಕುಮುದಿನಿಯಕ್ಕ."

"ಮತ್ತೆ ಫೋನು ಎಂತಕ್ಕೆ? ಆ ಸಮೀಕ್ಷೆಯವನ ಕುತ್ತಿಗೆ ಹಿಡಿದ್ರಾ ಇಲ್ವಾ? ನಿಮಗೆ ಆಗದಿದ್ರೆ ಹೇಳಿ, ನಾನು ಕತ್ತಿ ಹಿಡ್ಕೊಂಡೇ ಬರ್ತೇನೆ, ಹೇಗೂ ಕೈಯಲ್ಲೇ ಉಂಟು." ಯಾರಿಗೋ ಗದರಿದಳು: "ಏಯ್, ಮುಟ್ಟಿ ಮುಟ್ಟಿ ಮೀನು ಮೆತ್ತಗೆ ಮಾಡ್ಬೇಡ, ತಗೊಳ್ಳುದಾದ್ರೆ ತಗೋ!"

"ಒಂದು ಹೇಳಿ. ಹರ್ಷಿತಾ ಜಗಲಿಯಲ್ಲಿ ಕೇಳಿದಾಗ ತುಕ್ರಜ್ಜ ಎಂತ ಹೇಳಿದ್ದು?"

"ಕೊಡೆ. ಮತ್ತೆಂತ ಹೇಳುದು? ಹುಟ್ಟಿದಾಗಿಂದ ಕೊಡೆ. ಅವರ ಗೋಡೆಯಲ್ಲಿ ಇರುದೇ ಕೊಡೆಯ ಕ್ಯಾಲೆಂಡರ್."

ಸಾಜಿದಾಳ ಬೆನ್ನು ನೆಟ್ಟಗಾಯಿತು. ಹಾಗಾದರೆ ಅಜ್ಜ ಕೊಡೆಯವನೇ. ತನ್ನವರ ಕೈಯಲ್ಲೇ ಪೆಟ್ಟು ತಿಂದವನು. ಮನಸ್ಸಿನಲ್ಲಿಲ್ಲದ ಒಂದು ಮಾತಿಗೆ.

"ಮತ್ತೆ ಇನ್ನೊಮ್ಮೆ ಕೇಳಿದಾಗ ಕಹಳೆ ಅಂದದ್ದು ಯಾಕೆ? ಅಜ್ಜ ಮನಸ್ಸು ಬದಲಾಯಿಸಿದರಾ?"

"ಮನಸ್ಸು! ಅವರು ಬೀಡಿಯ ಮಾರ್ಕೇ ಬದಲಾಯಿಸಿದ ಜನ ಅಲ್ಲ. ಎದುರು ನಿಂತವರಿಗೆ ಇಲ್ಲ ಅನ್ಲಿಕ್ಕೆ ಗೊತ್ತಿಲ್ಲ ಮೇಡಂ ಅವರಿಗೆ. ಕೊಡೆಯವರು ಬಂದ್ರೆ ಕೊಡೆಗೆ, ಕಹಳೆಯವರು ಬಂದ್ರೆ ಕಹಳೆಗೆ. ಬಂದವರ ಮೋರೆ ಸಣ್ಣ ಮಾಡಿ ಕಳಿಸ್ಲಿಕ್ಕೆ ಆಗ್ತದಾ? ನಾವೆಲ್ಲ ಹಾಗೇ. ಹಾಕುದು ಹಾಕುವಲ್ಲಿಗೇ."

"ಗುರುತೇ ಇಲ್ಲದವರು ಬಂದರೆ?"

"ಗುರುತಿಲ್ಲದವರಿಗೆ ಎಂತ ಹೇಳುದು? 'ನೋಡುವ' ಅಂತಾರೆ. ಆಮೇಲೆ ಕೆಮ್ಮುತ್ತಾರೆ."

ಗದ್ದಲದ ನಡುವೆ ಕುಮುದಿನಿಯ ದನಿ ಇಳಿಯಿತು. "ಅಜ್ಜ ಓಟೇ ಹಾಕ್ಲಿಲ್ಲ ಮೇಡಂ. ಅವತ್ತು ಆಸ್ಪತ್ರೆಯಲ್ಲಿ ಬಿದ್ದಿದ್ರು. ಕೊಡೆಗೂ ಇಲ್ಲ, ಕಹಳೆಗೂ ಇಲ್ಲ. ಹಾಕದ ಓಟಿಗೆ ಯಾರಾದ್ರೂ ತಲೆ ಒಡೀತಾರಾ?"

ಸಾಜಿದಾ ಫೋನನ್ನು ಮೇಜಿನ ಮೇಲೆ ಇಟ್ಟಳು.

ಪತ್ರಿಕೆಯಲ್ಲಿದ್ದಾಗ ಅವಳು ಕಲಿತ ಒಂದು ವಿಷಯ, ಸುಳ್ಳು ಹೇಳಿಕೆಯನ್ನು ಎಸೆಯಬಾರದು ಎಂಬುದು. ಅದು ಯಾರ ಎದುರು ಹೇಳಿದ್ದು ಎಂದು ನೋಡಬೇಕು. ತುಕ್ರನ ಉತ್ತರ ತುಕ್ರನ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಕೇಳಿದವರ ಬಗ್ಗೆ ಎಲ್ಲವನ್ನೂ ಹೇಳುತ್ತಿತ್ತು.

"ಅಝರ್, ಈಗ ನಾನು ಹೇಳ್ತೇನೆ, ತಪ್ಪಿದರೆ ತಿದ್ದಿ. ಮನ್ವಿತಾ ಒಬ್ಬಳೇ ಹೋಗಿದ್ದರೆ ಅಜ್ಜ 'ನೋಡುವ' ಅಂದು ಕೆಮ್ಮುತ್ತಿದ್ದರು. ಕಹಳೆ ಅಂದಿದ್ದಾರೆ. ಅಂದರೆ ಅವಳ ಪಕ್ಕದಲ್ಲಿ ಒಬ್ಬರು ನಿಂತಿದ್ದರು. ಅಜ್ಜನಿಗೆ ಚೆನ್ನಾಗಿ ಗುರುತಿದ್ದವರು. ಮೋರೆ ಸಣ್ಣ ಮಾಡಿ ಕಳಿಸಬಾರದಂಥವರು. ಕಹಳೆಯವರು ಅಂತ ಅಜ್ಜನಿಗೆ ಗೊತ್ತಿದ್ದವರು. ಬಾಗಿಲು ತೆಗೆಸ್ಲಿಕ್ಕೆ ನೀವು ಒಬ್ಬರನ್ನು ಜೊತೆಗೆ ಕಳಿಸಿದಿರಿ. ಯಾರು ಅದು?"

"ನಾನು ಕಳಿಸಿದ್ದಲ್ಲ. ಅವರೇ ಬರ್ತೇನೆ ಅಂದದ್ದು."

"ಅವರು ಯಾರು?"

"ಹೆಸರು ಹೇಳಿದ್ರೆ ನಾಳೆಯಿಂದ ಈ ಬೋರ್ಡು ಇರುವುದಿಲ್ಲ ಮೇಡಂ."

"ಪೂರ್ತಿ ರೆಕಾರ್ಡಿಂಗ್ ಹಾಕಿ."

"ಡಿಲೀಟ್ ಆಗಿದೆ."

"ಸುಳ್ಳು."

"ನೀವು ಪೊಲೀಸ್ ಅಲ್ಲ. ನಿಮಗೆ ತೋರಿಸ್ಬೇಕು ಅಂತ ನನಗೆ ಕಾನೂನಿಲ್ಲ."

ಇಷ್ಟು ಹೊತ್ತೂ ಅವರಿಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದರು. ಇಬ್ಬರ ಮನೆಯ ಮಾತೂ ಬ್ಯಾರಿ. ಬಾಗಿಲಲ್ಲಿ ಅವನು ಬ್ಯಾರಿಯಲ್ಲೇ ಸಲಾಂ ಹೇಳಿ ಕರೆದಿದ್ದ. ಬೇಕೆಂದೇ ಕನ್ನಡ ಹಿಡಿದವಳು ಸಾಜಿದಾ. ಇದು ನೆಂಟಸ್ತಿಕೆಯ ಮಾತುಕತೆಯಲ್ಲ ಎಂದು ತೋರಿಸಲು.

ಈಗ ಅವಳು ಕುರ್ಚಿ ಎಳೆದು ಅವನ ಎದುರು ಕುಳಿತಳು. ಬ್ಯಾರಿಯಲ್ಲಿ ಕೇಳಿದಳು.

"ನಿನ್ನ ಉಮ್ಮ ಖತೀಜಮ್ಮ ಯಾರಿಗೆ ಓಟು ಹಾಕಿದರು?"

ಅಝರ್ ಕಕ್ಕಾಬಿಕ್ಕಿಯಾದ. "ಗೊತ್ತಿಲ್ಲ."

"ಕೇಳಲಿಲ್ವಾ?"

"ಕೇಳಿದೆ. ಬಾಯಿ ಮುಚ್ಚಿ ಉಣ್ಣು ಅಂದರು."

"ಹೆತ್ತ ಮಗನಿಗೆ ಹೇಳಲಿಲ್ಲ. ಅದು ಅವರ ಹಕ್ಕು. ಅವರ ಆ ಬಾಯಿಯನ್ನು ಯಾರಾದರೂ ಒಂದು ಟ್ಯಾಬ್ ಹಿಡಿದು ತೆರೆಸಿ, ಗುಟ್ಟಾಗಿ ಇಡುತ್ತೇವೆ ಅಂತ ಮಾತು ಕೊಟ್ಟು, ಬೀದಿಯಲ್ಲಿ ಬಿತ್ತರಿಸಿದ್ದರೆ ನೀನು ಎಂತ ಮಾಡುತ್ತಿದ್ದೆ? ಆಗಲೂ ಐಡಿ ಅಂತ ಹೇಳುತ್ತಿದ್ದೆಯಾ?"

ಅವನು ಕೆಳಗೆ ನೋಡಿದ.

"ನಿನ್ನ ಮನೆಗೆ ಮೀನು ಬರುವುದು ಕುಮುದಿನಿಯ ಬುಟ್ಟಿಯಿಂದ. ನಿನ್ನ ಉಮ್ಮ ಬೇರೆ ಯಾರದ್ದನ್ನೂ ಮುಟ್ಟುವುದಿಲ್ಲ, ಬಂದರಿಗೇ ಗೊತ್ತು. ಇವತ್ತು ಬೆಳಿಗ್ಗೆಯೂ ಆ ಹೆಂಗಸು ನಿಮ್ಮ ಮನೆಗೆ ಮೀನು ಕೊಟ್ಟೇ ಮಾರ್ಕೆಟಿಗೆ ಹೋದದ್ದು. ಅವಳ ಮಗಳು ಯಾಕೆ ಒಳಗಿದ್ದಾಳೆ ಅಂತ ನಿನ್ನ ಉಮ್ಮನಿಗೆ ನೀನು ಹೇಳಿದ್ದೀಯಾ? ಅಥವಾ ಸಂಜೆ ನಾನೇ ಬಂದು ಹೇಳಲಾ?"

ಅಝರನೂ ಬ್ಯಾರಿಯಲ್ಲೇ ಮಾತಾಡಿದ. ದನಿ ಬೇರೆಯಾಗಿತ್ತು.

"ಅಕ್ಕ, ನಾನು ಹಂಚಲಿಲ್ಲ. ಅಲ್ಲಾಹುವಿನಾಣೆ. ಅವತ್ತು ಸಂಜೆ ಅವರು ಮನ್ವಿತಾಳ ಟ್ಯಾಬನ್ನು ಸ್ವಲ್ಪ ಹೊತ್ತು ಕೇಳಿ ತೆಗೆದುಕೊಂಡರಂತೆ. ಅಷ್ಟೇ ನನಗೆ ಗೊತ್ತು. ಆಮೇಲೆ ಅಜ್ಜ ಬಿದ್ದ ಸುದ್ದಿ ಬಂತು. ನನಗೆ ಫೋನು ಮಾಡಿ, ಪೊಲೀಸರು ಐಡಿ ಕೇಳಿದರೆ ಐಡಿ ಮಾತ್ರ ಕೊಡು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಅಂದರು. ಹುಡುಗಿಗೂ ಏನೂ ಆಗುವುದಿಲ್ಲ ಅಂದರು. ನಾನು ನಂಬಿದೆ."

"ಹಾಕು."

ಅವನು ಲ್ಯಾಪ್‌ಟಾಪ್ ತಿರುಗಿಸಿದ. ಎರಡು ಸಲ ತಪ್ಪು ಗುಂಡಿ ಒತ್ತಿದ.

ಮೊದಲು ಮಂಜುಗಡ್ಡೆಯ ಗರಗರ. ಕಾಗೆಗಳು. ಆಮೇಲೆ ಎಳೆಯ ದನಿಯೊಂದು ಬಾಯಿಪಾಠ ಒಪ್ಪಿಸಿತು: "ನಿಮ್ಮ ಉತ್ತರವನ್ನು ಗುಟ್ಟಾಗಿ ಇಡಲಾಗುವುದು. ಈ ಚುನಾವಣೆಯಲ್ಲಿ ನಿಮ್ಮ ಮತ ಯಾರಿಗೆ?"

ತುಕ್ರನ ದನಿ: "ನೋಡುವ ಮಗಾ." ಕೆಮ್ಮು.

ಕುಮುದಿನಿ ಹೇಳಿದ ಹಾಗೆಯೇ. ಸಾಜಿದಾ ಲ್ಯಾಪ್‌ಟಾಪಿಗೆ ಇನ್ನಷ್ಟು ಹತ್ತಿರ ಬಾಗಿದಳು.

ಯಾರೋ ಹತ್ತಿರ ಬಂದ ಚಪ್ಪಲಿಯ ಸದ್ದು. ತುಕ್ರ ನಕ್ಕ. ಆ ನಗೆಯಲ್ಲಿ ಸಂಕೋಚವಿತ್ತು, ಗೌರವವಿತ್ತು. ಆಮೇಲೆ ದನಿ ಎತ್ತಿ, ಪಕ್ಕದಲ್ಲಿದ್ದವರಿಗೆ ಕೇಳಲೆಂದೇ ಹೇಳಿದ:

"ಈ ಸಲ ಕಹಳೆಗೇ ಹಾಕುದು. ಕೊಡೆಯವರದ್ದು ಸಾಕಾಯ್ತು. ಬರ್ಕೊಳ್ಳಿ."

ವಾಟ್ಸಾಪಿನ ತುಣುಕು ಮುಗಿಯುತ್ತಿದ್ದದ್ದು ಇಲ್ಲಿಗೆ. ಪೂರ್ತಿ ಫೈಲು ಮುಗಿಯಲಿಲ್ಲ. ತುಕ್ರ ಕನ್ನಡ ಬಿಟ್ಟು ತುಳುವಿಗೆ ಇಳಿದ. ಕೆಲಸ ಮುಗಿಸಿದವನ ಹಗುರ ದನಿ.

"ಯಾವಾ, ಧನರಾಜಣ್ಣ?"

ಸಾಕಾ, ಎಂದು ಕೇಳುತ್ತಿದ್ದ.

"ಯಾವು ಅಜ್ಜೆರೇ, ಯಾವು." ಅದರ ತುದಿಗೆ ನಗು. ಮೂಗಿನಲ್ಲಿ ಎರಡು ಬಾರಿ ಉಸಿರು ಬಿಟ್ಟ ಹಾಗೆ.

ರೆಕಾರ್ಡಿಂಗ್ ನಿಂತಿತು. ಟಿವಿಯಲ್ಲಿ ಬಂದರಿನ ಎರಡನೇ ಸುತ್ತು ಬಂದಿತ್ತು. ಕೊಡೆ ಇನ್ನಷ್ಟು ಮುಂದೆ. ಇಬ್ಬರೂ ನೋಡಲಿಲ್ಲ.

"ಅವರು ಕಹಳೆಯವರಾ?" ಎಂದಳು ಸಾಜಿದಾ. ಅವಳ ದನಿ ಅವಳಿಗೇ ದೂರದಿಂದ ಬಂದಂತೆ ಕೇಳಿಸಿತು.

"ಹೊರಗೆ ಯಾರಿಗೂ ಗೊತ್ತಿಲ್ಲ. ದಕ್ಕೆಯ ಹಳಬರಿಗೆ ಗೊತ್ತು. ಹಿಂದೆ ಬೋಟು ಮುಳುಗಿದಾಗ ತುಕ್ರಜ್ಜನ ಮೇಲೆ ಬಂದ ಕೇಸು ನಡೆಸಿ ಬಿಡಿಸಿದ್ದು ಅವರೇ. ಅಜ್ಜ ಅವರೆದುರು ಕೂತುಕೊಳ್ಳುವುದೂ ಇಲ್ಲ."

ಸಾಜಿದಾ ಕಣ್ಣು ಮುಚ್ಚಿದಳು. ಕುಲದವನೆಂದು ತಾಯಿ ನಂಬಿದ ವಕೀಲ. ಫೀಸು ಬೇಡ ಎಂದವನು. ಮಾಡದ ತಪ್ಪನ್ನು ಒಪ್ಪಿಸಲು ಬೆಳಿಗ್ಗೆಯಿಂದ ಅವಸರಪಡುತ್ತಿದ್ದವನು. ಹರ್ಷಿತಾ ಒಪ್ಪಿದ ಕ್ಷಣಕ್ಕೆ, ಅಜ್ಜನನ್ನು ಎರಡನೇ ಸಲ ಕೇಳಿದವರು ಯಾರೆಂದು ಇನ್ನು ಯಾರೂ ಕೇಳುವುದಿಲ್ಲ. ಅಜ್ಜ ಕಣ್ಣು ತೆರೆಯದಿದ್ದರೆ ಎಂದೆಂದಿಗೂ ಇಲ್ಲ.

ಆದರೆ ಯಾಕೆ? ಕಹಳೆಯವನೊಬ್ಬ, ಕಹಳೆಗೆ ಓಟೆಂದ ಮುದುಕನನ್ನು ಕೊಡೆಯವರ ಕೈಗೆ ಕೊಡುವುದು ಯಾವ ಲಾಭಕ್ಕೆ? ಅದೊಂದು ಮಾತ್ರ ಎಲ್ಲಿಗೂ ಹೊಂದಲಿಲ್ಲ.

"ಇದನ್ನು ನನ್ನ ಫೋನಿಗೆ ಕಳಿಸು. ಈಗಲೇ."

ಅಝರ್ ಒತ್ತಿದ. ಫೈಲು ಬರತೊಡಗಿತು. ಅದು ಅರ್ಧ ಇಳಿಯುವಷ್ಟರಲ್ಲಿ ಫೋನು ಕಂಪಿಸಿತು. ಪರದೆಯ ಮೇಲೆ ಹೆಸರು: ವಕೀಲ ಧನರಾಜ್.

ಅಝರ್ ಗೋಡೆಗೆ ಒತ್ತಿ ನಿಂತ. ಸಾಜಿದಾ ಮೂರು ರಿಂಗು ಬಿಟ್ಟಳು. ಎತ್ತಿದಳು.

"ಸಾಜಿದಾ, ಹುಡುಗಿ ಹಟ ಮಾಡ್ತಾಳೆ ಮಾರಾಯ್ರೆ. ಸಹಿ ಹಾಕುದಿಲ್ಲ ಅಂತಾಳೆ. ಸಾಜಿದಾ ಮೇಡಂ ಹಾಕು ಅಂದ್ರೆ ಮಾತ್ರ ಹಾಕ್ತೇನೆ ಅಂತ. ನಿಮ್ಮದೊಂದು ಮಾತು ಸಾಕು." ನಗು. "ನಿಮಗೆ ಎಂತಾದ್ರೂ ಸಿಕ್ತಾ?"

ಇಂಥ ಪ್ರಶ್ನೆಗೆ ದಕ್ಕೆಯ ಜನ ಹೇಗೆ ಉತ್ತರ ಕೊಡುತ್ತಾರೆಂದು ಅವಳಿಗೆ ಈಗಷ್ಟೇ ತಿಳಿದಿತ್ತು. ಕೇಳಿದವನಿಗೆ ಬೇಕಾದ್ದನ್ನು ಹೇಳಿದಳು.

"ಇಲ್ಲ ವಕೀಲರೇ. ಎಂತದೂ ಸಿಗಲಿಲ್ಲ. ನೀವು ಹೇಳಿದ್ದೇ ಸರಿ ಅಂತ ಕಾಣ್ತದೆ."

"ನೋಡಿ, ನಾನು ಮೊದಲೇ ಹೇಳಿದ್ದೆ." ಆಚೆ ತುದಿಯಲ್ಲಿ ಸಮಾಧಾನದ ಉಸಿರು. ಅದರ ಹಿಂದೆ ಕಂಡಕ್ಟರನೊಬ್ಬನ ಕೂಗು: ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್. ಅದೇ ಕೂಗು, ಅದೇ ಗಳಿಗೆಯಲ್ಲಿ, ಕಿಟಕಿಯ ಕೆಳಗಿನಿಂದಲೂ ಬಂತು.

"ಹಾಗಾದ್ರೆ ಇಳಿದು ಬನ್ನಿ," ಎಂದರು ಧನರಾಜ್. "ಒಟ್ಟಿಗೇ ಹೋಗುವ ಅಂತ ಕಾರು ಮೆಟ್ಟಿಲ ಎದುರೇ ನಿಲ್ಲಿಸಿದ್ದೇನೆ. ಬರುವಾಗ ಆ ಅಝರನನ್ನೂ ಕರ್ಕೊಂಡು ಬನ್ನಿ. ಅವನ ಲ್ಯಾಪ್‌ಟಾಪ್ ಸಮೇತ."